ಐಸಿಯು ಫೈಲಿನಲ್ಲಿ ಹೆಸರೇ ಇಲ್ಲದ ಕಾಯಿಲೆ

ಒಬ್ಬ ರೋಗಿ ಇದ್ದಾರೆ ಅಂತ ಇಟ್ಟುಕೊಳ್ಳಿ. ವಯಸ್ಸು 52. ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ ಕೆಲಸ. ಮೂರು ದಿನದಿಂದ ಮೈ ಬಿಸಿ, ನಿನ್ನೆ ರಾತ್ರಿಯಿಂದ ಮಾತು ಅಡ್ಡಾದಿಡ್ಡಿ. ಬೆಳಗಿನ ಜಾವ 108ರಲ್ಲಿ ತಾಲೂಕು ಆಸ್ಪತ್ರೆಗೆ ಕರೆತರುತ್ತಾರೆ. ಬಿಪಿ 90/60. ಪ್ಲೇಟ್‌ಲೆಟ್ 90,000. ಮಳೆಗಾಲ ಬೇರೆ. ಫೈಲಿನ ಮೇಲೆ 'ಜ್ವರ, ಡೆಂಗೆ ಇರಬಹುದು' ಅಂತ ಬರೆದು ಐಸಿಯು ಬೆಡ್ಡಿಗೆ ಹಾಕುತ್ತಾರೆ. ಹೊರಗೆ ಮನೆಯವರು ಪಪ್ಪಾಯಿ ಎಲೆ ಹುಡುಕುತ್ತಿದ್ದಾರೆ.

ಅವರ ಹೆಂಡತಿ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದೆ. ಅದರೊಳಗೆ ಎರಡು ವರ್ಷದ ಹಿಂದೆ ಹರ್ನಿಯಾ ಆಪರೇಷನ್‌ಗೆ ಮುಂಚೆ ಮಾಡಿಸಿದ ರಕ್ತ ಪರೀಕ್ಷೆಯ ಚೀಟಿ. ಆಗ ಪ್ಲೇಟ್‌ಲೆಟ್ 1.10 ಲಕ್ಷ. ಆರೋಗ್ಯವಂತರಿಗೆ ಕನಿಷ್ಠ ಒಂದೂವರೆ ಲಕ್ಷ ಇರಬೇಕು. ಡೆಂಗೆಯಲ್ಲಿ ಕುಸಿದ ಪ್ಲೇಟ್‌ಲೆಟ್ ಒಂದೆರಡು ವಾರದಲ್ಲಿ ಮೇಲೇಳುತ್ತದೆ. ಎರಡು ವರ್ಷ ಯಾರಿಗೂ ಡೆಂಗೆ ಇರಲ್ಲ, ಅಲ್ವಾ?

ಇವರಿಗಿರುವುದು ಸಿರೋಸಿಸ್. ಅಂದರೆ ವರ್ಷಗಟ್ಟಲೆ ಪೆಟ್ಟು ತಿಂದು ಗಾಯದ ಕಲೆ ಕಟ್ಟಿ ಗಟ್ಟಿಯಾದ ಲಿವರ್. ಐಸಿಯುಗೆ ಅವರು ಬಂದಿದ್ದು ಬೇರೆ ಹೆಸರಿನಲ್ಲಿ. ನಮ್ಮ ತಾಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಹೀಗೆಯೇ ಜಾಸ್ತಿ. ನ್ಯುಮೋನಿಯಾ ಅಂತ, ಕಿಡ್ನಿ ಫೇಲ್ ಅಂತ, ತಲೆ ಕೆಟ್ಟಿದೆ ಅಂತ ಬರುತ್ತಾರೆ. ಲಿವರಿನ ಹೆಸರು ಫೈಲಿಗೆ ಬರುವ ಹೊತ್ತಿಗೆ ಎರಡು ಮೂರು ದಿನ ಕಳೆದಿರುತ್ತದೆ. ದೊಡ್ಡ ಮಷಿನ್ ಇಲ್ಲದಿದ್ದಕ್ಕೆ ಹೀಗಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಸುಳಿವು ಬಹಳ ಸಲ ಆ ಪ್ಲಾಸ್ಟಿಕ್ ಕವರಿನಲ್ಲೇ ಇರುತ್ತದೆ.

ಪ್ಲೇಟ್‌ಲೆಟ್‌ಗೂ ಲಿವರಿಗೂ ಏನು ಸಂಬಂಧ? ಕಾಲುವೆ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಲಿವರಿಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಬರುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕರುಳು ಮತ್ತು ಗುಲ್ಮದಿಂದ (ಸ್ಪ್ಲೀನ್) ಪೋರ್ಟಲ್ ರಕ್ತನಾಳದ ಮೂಲಕ ಬರುವುದು. ಲಿವರ್ ಗಟ್ಟಿಯಾದರೆ ಆ ರಕ್ತಕ್ಕೆ ಒಳಗೆ ಹೋಗಲು ದಾರಿ ಸಾಲುವುದಿಲ್ಲ. ತೂಬಿಗೆ ಹೂಳು ತುಂಬಿದ ಕಾಲುವೆಯ ಹಾಗೆ ಹಿಂದಕ್ಕೆ ಒತ್ತಡ ಏರುತ್ತದೆ. ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್‌ಗಳನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ನೀರು ಬದುವಿನ ಮೇಲೆ ಹರಿದ ಹಾಗೆ, ರಕ್ತ ಅನ್ನನಾಳದ ಸಣ್ಣ ಸಿರೆಗಳ ಮೂಲಕ ಅಡ್ಡದಾರಿ ಹಿಡಿಯುತ್ತದೆ. ಆ ಸಿರೆಗಳು ಉಬ್ಬಿ, ಒಂದು ದಿನ ಒಡೆದರೆ ಬಕೆಟ್ ತುಂಬಾ ರಕ್ತ ವಾಂತಿ. ಒತ್ತಡಕ್ಕೆ ನೀರು ಹೊಟ್ಟೆಯೊಳಗೆ ಜಿನುಗಿದರೆ ಜಲೋದರ. ಕರುಳಿನಲ್ಲಿ ಹುಟ್ಟುವ ಅಮೋನಿಯಾದಂಥ ವಿಷಗಳನ್ನು ಲಿವರ್ ಸೋಸಬೇಕಿತ್ತು. ಅಡ್ಡದಾರಿ ಹಿಡಿದ ರಕ್ತ ಅದನ್ನು ನೇರವಾಗಿ ಮಿದುಳಿಗೆ ಒಯ್ಯುತ್ತದೆ. ಮಾತು ಅಡ್ಡಾದಿಡ್ಡಿ ಆಗುವುದು ಹೀಗೆ.

ಕಾಯಿಲೆ ಇಲ್ಲಿಗೆ ಬರುವ ತನಕ ಎಷ್ಟೋ ವರ್ಷ ಏನೂ ಗೊತ್ತಾಗುವುದಿಲ್ಲ. ಹಳ್ಳಿಯ ಹಳೇ ಟ್ರಾನ್ಸ್‌ಫಾರ್ಮರ್ ಮನೆಗಳ ಬಲ್ಬು, ಫ್ಯಾನು ಎಲ್ಲ ನಡೆಸುತ್ತದೆ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಎಲ್ಲರ ಪಂಪ್‌ಸೆಟ್ ಒಟ್ಟಿಗೆ ಆನ್ ಆದಾಗ ಢಂ ಅನ್ನುತ್ತದೆ. ಇಲ್ಲಿ ಪಂಪ್‌ಸೆಟ್ ಅಂದರೆ ಒಂದು ಸೋಂಕು, ಒಂದು ರಕ್ತ ವಾಂತಿ, ಹಬ್ಬದ ವಾರ ಪೂರ್ತಿ ಕುಡಿದಿದ್ದು, ಅಥವಾ ಮಂಡಿ ನೋವಿಗೆ ಹಾಕಿಸಿಕೊಂಡ ಸೂಜಿ. ಹಳೇ ಲಿವರ್ ಕಾಯಿಲೆಯ ಮೇಲೆ ಹೀಗೆ ದಿಢೀರ್ ಕುಸಿತ ಆಗಿ, ಕಿಡ್ನಿ, ಮಿದುಳು, ಉಸಿರಾಟ ಒಂದರ ಹಿಂದೊಂದು ಕೈಕೊಟ್ಟರೆ ಅದನ್ನು ವೈದ್ಯರು ಎಸಿಎಲ್‌ಎಫ್ ಅನ್ನುತ್ತಾರೆ. 2013ರಲ್ಲಿ ಪ್ರಕಟವಾದ ಯುರೋಪಿನ ಒಂದು ದೊಡ್ಡ ಅಧ್ಯಯನ 1,343 ರೋಗಿಗಳನ್ನು ನೋಡಿತು. ಎಸಿಎಲ್‌ಎಫ್‌ನ ಮೊದಲ ಹಂತದಲ್ಲಿದ್ದವರಲ್ಲಿ 28 ದಿನದೊಳಗೆ ತೀರಿಕೊಂಡವರು ಶೇ. 22. ಮೂರನೇ ಹಂತ ಮುಟ್ಟಿದವರಲ್ಲಿ ಶೇ. 77. ಅದೂ ಎಲ್ಲ ಸೌಕರ್ಯ ಇರುವ ಆಸ್ಪತ್ರೆಗಳಲ್ಲಿ. ಮೊದಲ ಹಂತದಲ್ಲೇ ಹಿಡಿಯಬೇಕು ಅಂತ ಹೇಳುವುದು ಇದಕ್ಕೇ.

ನಾರ್ಮಲ್ ಅನ್ನುವ ಮೋಸ

ಲಿವರ್ ಕಾಯಿಲೆ ಇದ್ದವರ ಲ್ಯಾಬ್ ಚೀಟಿಯನ್ನು ಬೇರೆಯವರ ಚೀಟಿಯಂತೆ ಓದಬಾರದು. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಎಸ್‌ಜಿಒಟಿ, ಎಸ್‌ಜಿಪಿಟಿ ನಾರ್ಮಲ್ ಇದ್ದರೆ ಲಿವರ್ ಚೆನ್ನಾಗಿದೆ ಅಂತ ಅಂದುಕೊಳ್ಳುತ್ತೇವೆ. ಇವು ಲಿವರಿನ ಜೀವಕೋಶ ಒಡೆದಾಗ ಹೊರಗೆ ಸೋರುವ ಕಿಣ್ವಗಳು. ಸಿರೋಸಿಸ್‌ನಲ್ಲಿ ಲಿವರ್ ಮುದುರಿದ ಮೇಲೆ ಸೋರಲು ಹೆಚ್ಚೇನೂ ಉಳಿದಿರುವುದಿಲ್ಲ. ಸಂಖ್ಯೆ ಸುಮ್ಮನಾಗುತ್ತದೆ, ಕಾಯಿಲೆ ಸುಮ್ಮನಾಗಿರುವುದಿಲ್ಲ.

ಕಿಡ್ನಿಯ ಕ್ರಿಯಾಟಿನಿನ್ ಇನ್ನೂ ದೊಡ್ಡ ಮೋಸಗಾರ. ಅದು ಸ್ನಾಯುವಿನಿಂದ ಬರುವ ಕಸ, ಕಿಡ್ನಿ ಅದನ್ನು ಹೊರಗೆ ಹಾಕಬೇಕು. ಸಿರೋಸಿಸ್ ರೋಗಿಯ ತೋಳು, ತೊಡೆ ಕಡ್ಡಿಯಾಗಿರುತ್ತವೆ. ಹಾಗಾಗಿ ಅವರ ಸಹಜ ಮಟ್ಟವೇ 0.6 ಇರಬಹುದು. ಅದು 1.1ಕ್ಕೆ ಏರಿದರೆ ಕಿಡ್ನಿಗೆ ಒಳ್ಳೇ ಪೆಟ್ಟು ಬಿದ್ದಿದೆ ಅಂತ ಅರ್ಥ. ಆದರೆ ಚೀಟಿಯಲ್ಲಿ 1.1 ಮುಂದೆ ಕೆಂಪು ಗುರುತು ಇರುವುದಿಲ್ಲ. ನಾನು ತಾಲೂಕು ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥ ಚೀಟಿಗಳನ್ನು 'ಕಿಡ್ನಿ ಓಕೆ' ಅಂತ ಎಷ್ಟು ಸಲ ಪಕ್ಕಕ್ಕಿಟ್ಟಿದ್ದೆನೋ. ಶುಗರಿನ ಮೂರು ತಿಂಗಳ ಸರಾಸರಿ ಪರೀಕ್ಷೆಯೂ ಹೀಗೇ. ಊದಿದ ಗುಲ್ಮ ಕೆಂಪು ರಕ್ತಕಣಗಳನ್ನು ಬೇಗ ಒಡೆದುಹಾಕುವುದರಿಂದ ಎಚ್‌ಬಿಎ1ಸಿ ಸುಳ್ಳು ಸುಳ್ಳೇ ಕಮ್ಮಿ ತೋರಿಸುತ್ತದೆ.

ಹಳ್ಳಿ ಕಡೆಯ ಐಸಿಯುಗಳಿಗೇ ಮೀಸಲಾದ ಗೊಂದಲಗಳೂ ಇವೆ. ಬೆಳೆಗೆ ಹೊಡೆಯುವ ಔಷಧಿ ಕುಡಿದು ಬಂದವರಿಗೆ ರಕ್ತದಲ್ಲಿ ಕೋಲಿನೆಸ್ಟರೇಸ್ ಅನ್ನುವ ಕಿಣ್ವ ನೋಡುತ್ತಾರೆ. ಕಮ್ಮಿ ಇದ್ದಷ್ಟೂ ವಿಷ ಜಾಸ್ತಿ ಅಂತ ಲೆಕ್ಕ. ಆದರೆ ರಕ್ತದ ನೀರಿನಂಶದಲ್ಲಿ ಅಳೆಯುವ ಆ ಕಿಣ್ವ ತಯಾರಾಗುವುದು ಲಿವರಿನಲ್ಲಿ. ಲಿವರ್ ಕೆಟ್ಟವರಲ್ಲಿ ವಿಷವೇ ಇಲ್ಲದಿದ್ದರೂ ಅದು ಕಮ್ಮಿ ಇರುತ್ತದೆ. ಹಾವು ಕಚ್ಚಿದವರಲ್ಲಿ ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡುತ್ತೇವೆ. ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಹೆಚ್ಚಿನವನ್ನು ಮಾಡುವುದೂ ಲಿವರೇ. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ಹೇಳುವ ಐಎನ್‌ಆರ್ ಏರಿದ್ದು ಹಾವಿನಿಂದಲೋ ಹಳೇ ಸಿರೋಸಿಸ್‌ನಿಂದಲೋ? ಮೊದಲೇ ಗೊತ್ತಿದ್ದರೆ ತಲೆ ಓಡುತ್ತದೆ, ಇಲ್ಲದಿದ್ದರೆ ಇಲ್ಲ.

ಹಾಗಾದರೆ ಮೊದಲೇ ಗೊತ್ತಾಗುವುದು ಹೇಗೆ? ಹಳೇ ಚೀಟಿಗೆ ವಾಪಸ್ ಬರೋಣ. ಫಿಬ್-4 ಅಂತ ಒಂದು ಲೆಕ್ಕ ಇದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಸಾವಿರದ ಲೆಕ್ಕದಲ್ಲಿ ಪ್ಲೇಟ್‌ಲೆಟ್ ತೆಗೆದುಕೊಂಡು, ಅದನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನಮ್ಮ ಹಮಾಲಿಗೆ ಎರಡು ವರ್ಷದ ಹಿಂದೆ ವಯಸ್ಸು 50, ಎಸ್‌ಜಿಒಟಿ 60, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 110 ಸಾವಿರ. 50 ಗುಣಿಸು 60 ಅಂದರೆ 3,000. 36ರ ವರ್ಗಮೂಲ 6, ಅದನ್ನು 110ರಿಂದ ಗುಣಿಸಿದರೆ 660. ಉತ್ತರ ಸುಮಾರು 4.5. ಇದು 1.3ಕ್ಕಿಂತ ಕಮ್ಮಿ ಇದ್ದರೆ ಲಿವರಿನಲ್ಲಿ ಹೆಚ್ಚು ಗಾಯದ ಕಲೆ ಇರುವ ಸಾಧ್ಯತೆ ಕಡಿಮೆ. 2.67 ದಾಟಿದರೆ ಅನುಮಾನ ಪಡಬೇಕು. ಒಂದು ಎಚ್ಚರಿಕೆ: ಜ್ವರ ಏರಿರುವಾಗಿನ ಚೀಟಿಯಲ್ಲಿ ಈ ಲೆಕ್ಕ ಮಾಡಬೇಡಿ. ಡೆಂಗೆಯೇ ಪ್ಲೇಟ್‌ಲೆಟ್ ಇಳಿಸಿ ಎಸ್‌ಜಿಒಟಿ ಏರಿಸುತ್ತದೆ. ಹಳೇ ಚೀಟಿಗೆ ಬೆಲೆ ಇರುವುದು ಇದಕ್ಕೆ.

ಹೊಟ್ಟೆಗೆ ಒಂದು ಸೂಜಿ

ನಮ್ಮ ರೋಗಿಯ ಹೊಟ್ಟೆ ಸ್ವಲ್ಪ ಉಬ್ಬಿದೆ. ನೋವು ಹೇಳುತ್ತಿಲ್ಲ. ಇಲ್ಲಿ ಮಾಡಬೇಕಾದ ಕೆಲಸ ಬಹಳ ಚಿಕ್ಕದು. ತೆಳು ಸೂಜಿಯಲ್ಲಿ ಹೊಟ್ಟೆಯ ನೀರು ಸ್ವಲ್ಪ ತೆಗೆದು ಸೂಕ್ಷ್ಮದರ್ಶಕದಡಿ ಜೀವಕೋಶ ಎಣಿಸುವುದು. ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ 250ಕ್ಕಿಂತ ಜಾಸ್ತಿ ಇದ್ದರೆ ಆ ನೀರಿಗೆ ಸೋಂಕು ತಗುಲಿದೆ. ಆಸ್ಪತ್ರೆಗೆ ಸೇರುವ ಸಿರೋಸಿಸ್ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಯಾವುದಾದರೂ ಸೋಂಕು ಇರುತ್ತದೆ. ಅದರಲ್ಲಿ ಹೊಟ್ಟೆ ನೀರಿನ ಸೋಂಕಿಗೆ ದೊಡ್ಡ ಪಾಲು. ಎಷ್ಟೋ ಸಲ ಜ್ವರವೂ ಇರಲ್ಲ, ನೋವೂ ಇರಲ್ಲ. ಬರೀ ಮಂಕು.

ಇಷ್ಟು ಸುಲಭದ ಪರೀಕ್ಷೆ ಯಾಕೆ ತಪ್ಪುತ್ತದೆ? ಭಯದಿಂದ. ಪ್ಲೇಟ್‌ಲೆಟ್ ಕಮ್ಮಿ, ಐಎನ್‌ಆರ್ ಜಾಸ್ತಿ, ಸೂಜಿ ಹಾಕಿ ರಕ್ತ ನಿಲ್ಲದಿದ್ದರೆ? ನಿಜ ಏನೆಂದರೆ ಸಿರೋಸಿಸ್‌ನಲ್ಲಿ ಲಿವರ್ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ಕಮ್ಮಿ ಮಾಡುತ್ತದೆ, ಹೆಪ್ಪುಗಟ್ಟದಂತೆ ತಡೆಯುವ ಅಂಶಗಳನ್ನೂ ಕಮ್ಮಿ ಮಾಡುತ್ತದೆ. ತಕ್ಕಡಿ ಹೆಚ್ಚುಕಮ್ಮಿ ಸಮವಾಗಿಯೇ ನಿಂತಿರುತ್ತದೆ. ಐಎನ್‌ಆರ್ ಅಳೆಯುವುದು ಒಂದು ತಟ್ಟೆಯನ್ನು ಮಾತ್ರ. ಆದ್ದರಿಂದ ಈ ಸೂಜಿಗೆ ಮುಂಚೆ ಪ್ಲಾಸ್ಮಾ ಬಾಟಲಿ ತರಿಸಿ ಕಾಯಬೇಕಿಲ್ಲ. ದಾಖಲಾದ ದಿನವೇ, ಆದಷ್ಟು ಮೊದಲ 12 ಗಂಟೆಯೊಳಗೆ ತೆಗೆಯಬೇಕು.

ಸೋಂಕು ಖಚಿತವಾದರೆ ಸೆಫ್ಟ್ರಿಯಾಕ್ಸೋನ್‌ನಂಥ ಆಂಟಿಬಯೋಟಿಕ್ ಕೊಡುತ್ತಾರೆ. ಅದು ಎಲ್ಲ ಕಡೆ ಸಿಗುತ್ತದೆ. ಜೊತೆಗೆ ಅಲ್ಬುಮಿನ್ ಬೇಕು, ಅಂದರೆ ನೀರನ್ನು ರಕ್ತನಾಳದೊಳಗೇ ಹಿಡಿದಿಡುವ ಪ್ರೋಟೀನಿನ ಡ್ರಿಪ್. 1999ರಲ್ಲಿ ಸ್ಪೇನಿನ ವೈದ್ಯರು 126 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಬರೀ ಆಂಟಿಬಯೋಟಿಕ್ ಪಡೆದವರಲ್ಲಿ ಶೇ. 33 ಮಂದಿಯ ಕಿಡ್ನಿ ಕೆಟ್ಟಿತು. ಅಲ್ಬುಮಿನ್ ಕೂಡ ಪಡೆದವರಲ್ಲಿ ಶೇ. 10 ಮಾತ್ರ. ಆಸ್ಪತ್ರೆಯಲ್ಲಿ ಸತ್ತವರೂ ಶೇ. 29ರಿಂದ 10ಕ್ಕೆ ಇಳಿದರು. ಈಗ ಹಳ್ಳಿಯ ಲೆಕ್ಕ ಹಾಕೋಣ. ಮೊದಲ ದಿನ ಕಿಲೋ ತೂಕಕ್ಕೆ ಒಂದೂವರೆ ಗ್ರಾಂ. 60 ಕಿಲೋ ಮನುಷ್ಯನಿಗೆ 90 ಗ್ರಾಂ. ಒಂದು ಬಾಟಲಿಯಲ್ಲಿ 20 ಗ್ರಾಂ ಇರುತ್ತದೆ, ಅಂದರೆ ನಾಲ್ಕೂವರೆ ಬಾಟಲಿ. ಮೂರನೇ ದಿನ ಇನ್ನೂ ಮೂರು. ಒಂದೊಂದಕ್ಕೂ ಸಾವಿರಾರು ರೂಪಾಯಿ. ಸ್ಟಾಕ್ ಇಲ್ಲದಿದ್ದರೆ ಚೀಟಿ ಹೊರಗಿನ ಮೆಡಿಕಲ್ ಶಾಪಿಗೆ ಹೋಗುತ್ತದೆ, ಮನೆಯವರು ಒಂದು ಬಾಟಲಿ ತಂದು 'ಇಷ್ಟು ಸಾಕಾ ಡಾಕ್ಟ್ರೇ' ಅಂತ ನಿಲ್ಲುತ್ತಾರೆ. ಮೆದುಳಿಗಿಂತ ಜೇಬು ಇಲ್ಲಿ ಜಾಸ್ತಿ ನಿರ್ಧಾರ ಮಾಡುತ್ತದೆ. ಅಲ್ಬುಮಿನ್ ಇಲ್ಲ ಅಂತ ಅದರ ಬದಲಿಗೆ ಸಲೈನ್ ಬಾಟಲಿ ಸುರಿಯುತ್ತಾ ಹೋದರೆ ಆ ನೀರು ಮತ್ತೆ ಹೊಟ್ಟೆಗೋ ಶ್ವಾಸಕೋಶಕ್ಕೋ ಇಳಿಯುತ್ತದೆ.

ನಡುಕ ಯಾವುದರದ್ದು?

ರಾತ್ರಿ ಪಾಳಿಯಲ್ಲಿ ಕಷ್ಟದ ಪ್ರಶ್ನೆ ಇದು. ರೋಗಿ ಹಾಸಿಗೆಯಿಂದ ಎದ್ದು ಓಡಲು ನೋಡುತ್ತಿದ್ದಾರೆ, ಕೈ ನಡುಗುತ್ತಿದೆ. ಕುಡಿತ ಥಟ್ಟನೆ ನಿಂತಿದ್ದಕ್ಕೋ, ಲಿವರಿನ ವಿಷ ತಲೆಗೇರಿದ್ದಕ್ಕೋ? ಮೊದಲನೆಯದಕ್ಕೆ ನಿದ್ದೆ ಬರಿಸುವ ಲೋರಜೆಪಾಮ್‌ನಂಥ ಔಷಧಿ ಜೀವ ಉಳಿಸುತ್ತದೆ. ಎರಡನೆಯದಕ್ಕೆ ಅದೇ ಔಷಧಿ ರೋಗಿಯನ್ನು ಕೋಮಾಕ್ಕೆ ತಳ್ಳಬಹುದು.

ನೋಡಬೇಕಾದ ಗುರುತುಗಳಿವೆ. ಕುಡಿತ ಬಿಟ್ಟ ನಡುಕ ಸಣ್ಣದು, ಬಿಡುವಿಲ್ಲದ್ದು. ಜೊತೆಗೆ ಬೆವರು, ಎದೆಬಡಿತ, ಏರಿದ ಬಿಪಿ. ತೀವ್ರ ಸನ್ನಿ ಸಾಮಾನ್ಯವಾಗಿ ಕೊನೆಯ ಗುಟುಕಿನ ಎರಡರಿಂದ ನಾಲ್ಕು ದಿನಕ್ಕೆ ಬರುತ್ತದೆ. ಲಿವರಿನದು ಹಾಗಲ್ಲ. ಎರಡೂ ಕೈ ಮುಂದೆ ಚಾಚಿಸಿ ಅಂಗೈ ಹಿಂದಕ್ಕೆ ಮಡಚಿಸಿದರೆ, ಕಾಗೆ ರೆಕ್ಕೆ ಬಡಿದ ಹಾಗೆ ಕೈ ಆಗಾಗ ಕೆಳಗೆ ಬೀಳುತ್ತದೆ. ಜೊತೆಗೆ ಮಂಪರು, ಹಗಲು ನಿದ್ದೆ ರಾತ್ರಿ ಎಚ್ಚರ. ಕೆಲವರಲ್ಲಿ ಎರಡೂ ಒಟ್ಟಿಗೆ ಇರುತ್ತವೆ, ಆಗ ಅನುಭವಿಗಳೂ ತಲೆ ಕೆರೆದುಕೊಳ್ಳುತ್ತಾರೆ. ಇದಕ್ಕೆಲ್ಲ ಮೊದಲು ಬೆರಳು ಚುಚ್ಚಿ ಶುಗರ್ ನೋಡಬೇಕು. ಕೆಟ್ಟ ಲಿವರಿನಲ್ಲಿ ಸಕ್ಕರೆಯ ದಾಸ್ತಾನು ಇರುವುದಿಲ್ಲ. ಮಂಕು ಅಂದುಕೊಂಡಿದ್ದು ಬರೀ ಶುಗರ್ ಇಳಿದಿದ್ದೂ ಆಗಿರಬಹುದು. ಕುಡಿಯುವವರಿಗಾದರೆ ಗ್ಲೂಕೋಸ್ ಜೊತೆ ಥಯಾಮಿನ್ ಅನ್ನುವ ಬಿ1 ವಿಟಮಿನ್ ಸೂಜಿಯೂ ಹೋಗಬೇಕು.

ಲಿವರಿನ ಮಂಕಿಗೆ ಮುಖ್ಯ ಔಷಧಿ ಲ್ಯಾಕ್ಟುಲೋಸ್ ಅನ್ನುವ ಸಿಹಿ ಸಿರಪ್. 1966ರಿಂದ ಇದಕ್ಕೆ ಬಳಕೆಯಲ್ಲಿದೆ. ಇದು ಕರುಳಿನಲ್ಲಿ ಅಮೋನಿಯಾವನ್ನು ಹಿಡಿದು ಮಲದ ಜೊತೆ ಹೊರಗೆ ಹಾಕುತ್ತದೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಆಗಬೇಕು, ಅದೇ ಗುರಿ. ಇದನ್ನು ಬಿಡಿಸಿ ಹೇಳದೆ ಕಳಿಸಿದರೆ ಏನಾಗುತ್ತದೆ ಗೊತ್ತಾ? 'ಆ ಟಾನಿಕ್ ಕುಡಿದ್ರೆ ಭೇದಿ ಆಗ್ತಿತ್ತು ಡಾಕ್ಟ್ರೇ, ಅದಕ್ಕೆ ನಿಲ್ಲಿಸಿದ್ವಿ' ಅಂತ ಹದಿನೈದು ದಿನಕ್ಕೆ ಅದೇ ರೋಗಿ ಅದೇ ಬೆಡ್ಡಿಗೆ ಬರುತ್ತಾರೆ.

ರಕ್ತ ವಾಂತಿ ಮತ್ತು ರೆಫರ್ ಚೀಟಿ

ತಾಲೂಕು ಮಟ್ಟದಲ್ಲಿ ನಿಜಕ್ಕೂ ಕೈ ಕಟ್ಟುವುದು ರಕ್ತ ವಾಂತಿ. ಒಡೆದ ಸಿರೆಗೆ ಎಂಡೋಸ್ಕೋಪಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಬೇಕು, ಅದೂ ಸುಮಾರು 12 ಗಂಟೆಯೊಳಗೆ. ಆ ಸೌಲಭ್ಯ ಇರುವುದು ದೊಡ್ಡ ಊರಲ್ಲಿ. ಆದರೆ ರೆಫರ್ ಮಾಡುವುದಕ್ಕೆ ಮುಂಚೆ ಮಾಡಬಹುದಾದ್ದು ಬಹಳ ಇದೆ. ಒತ್ತಡ ಇಳಿಸುವ ಟರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೋಟೈಡ್ ಶುರು ಮಾಡುವುದು, ಒಂದು ಗ್ರಾಂ ಸೆಫ್ಟ್ರಿಯಾಕ್ಸೋನ್ ಕೊಡುವುದು, ಮಂಕಾಗಿದ್ದವರ ಉಸಿರ ದಾರಿಗೆ ಟ್ಯೂಬ್ ಹಾಕಿ ಭದ್ರ ಮಾಡಿ ಆಮೇಲೆ ಆಂಬುಲೆನ್ಸ್ ಹತ್ತಿಸುವುದು. ದಾರಿಯಲ್ಲಿ ರಕ್ತ ಶ್ವಾಸಕೋಶಕ್ಕೆ ಇಳಿದರೆ ಯಾವ ಎಂಡೋಸ್ಕೋಪಿಯೂ ಪ್ರಯೋಜನಕ್ಕೆ ಬರುವುದಿಲ್ಲ.

ರಕ್ತ ಕೊಡುವುದರಲ್ಲೂ ಒಂದು ವಿಚಿತ್ರ ಇದೆ. ಎಷ್ಟು ಹೋಯಿತೋ ಅಷ್ಟೂ ತುಂಬಬೇಕು ಅಂತ ಮನಸ್ಸು ಹೇಳುತ್ತದೆ. 2013ರಲ್ಲಿ ಬಾರ್ಸಿಲೋನಾದಲ್ಲಿ ಹೊಟ್ಟೆ, ಅನ್ನನಾಳದ ರಕ್ತಸ್ರಾವದ 921 ರೋಗಿಗಳ ಮೇಲೆ ಪ್ರಯೋಗ ಮಾಡಿದರು. ಹಿಮೋಗ್ಲೋಬಿನ್ 7ಕ್ಕಿಂತ ಇಳಿದಾಗ ಮಾತ್ರ ರಕ್ತ ಪಡೆದವರಲ್ಲಿ ಆರು ವಾರಕ್ಕೆ ಶೇ. 95 ಮಂದಿ ಬದುಕಿದ್ದರು. 9ಕ್ಕಿಂತ ಇಳಿದ ಕೂಡಲೇ ಪಡೆದವರಲ್ಲಿ ಶೇ. 91. ಜಾಸ್ತಿ ರಕ್ತ ತುಂಬಿದರೆ ಆ ಕಾಲುವೆಯ ಒತ್ತಡವೇ ಮತ್ತೆ ಏರುತ್ತದೆ, ಸಿರೆ ಮತ್ತೆ ಒಡೆಯುತ್ತದೆ. ಎರಡೇ ಬಾಟಲಿ ರಕ್ತ ಇರುವ ತಾಲೂಕು ಆಸ್ಪತ್ರೆಗೆ ಇದು ಸ್ವಲ್ಪ ಸಮಾಧಾನದ ಸುದ್ದಿ.

ಇನ್ನು ದೊಡ್ಡ ಆಸ್ಪತ್ರೆಗೆ ಹೊರಡುವ ಮುಂಚೆ ಒಂದು ಫೋನ್. 'ಬೆಡ್ ಇದೆಯಾ' ಅಂತ ಎಲ್ಲರೂ ಕೇಳುತ್ತಾರೆ. 'ಈಗ, ಈ ರಾತ್ರಿ, ಎಂಡೋಸ್ಕೋಪಿ ಮಾಡುವವರು ಇದ್ದಾರಾ' ಅಂತ ಕೇಳುವವರು ಕಮ್ಮಿ.

ಪಥ್ಯ, ನೋವಿನ ಸೂಜಿ, ಲಿವರ್ ಟಾನಿಕ್

ಕಾಮಾಲೆ ಅಂದ ಕೂಡಲೇ ನಮ್ಮಲ್ಲಿ ಬೇಳೆ ಬೇಡ, ಹಾಲು ಬೇಡ, ಮೊಟ್ಟೆ ಬೇಡ, ಬರೀ ಗಂಜಿ. ಒಂದು ಕಾಲದಲ್ಲಿ ವೈದ್ಯರೂ ಪ್ರೋಟೀನ್ ನಿಲ್ಲಿಸುತ್ತಿದ್ದರು, ಹಾಗಾಗಿ ಜನರನ್ನು ದೂರುವಂತಿಲ್ಲ. ಈಗ ಗೊತ್ತಿರುವುದು ಇದಕ್ಕೆ ಉಲ್ಟಾ. ಸಿರೋಸಿಸ್ ಇದ್ದವರಿಗೆ ದಿನಕ್ಕೆ ಕಿಲೋ ತೂಕಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಅವರ ದೇಹಕ್ಕೆ ಒಂದು ರಾತ್ರಿಯ ಉಪವಾಸ ಅಂದರೆ ನಮಗೆ ಮೂರು ದಿನದ ಉಪವಾಸ ಇದ್ದ ಹಾಗೆ. ಆದ್ದರಿಂದ ಮಲಗುವ ಮುಂಚೆ ಏನಾದರೂ ತಿನ್ನಲೇಬೇಕು. ರಾಗಿ ಗಂಜಿಗೆ ಹಾಲು ಸೇರಿಸಿದರೂ ಆಯಿತು. ಪಥ್ಯದಲ್ಲಿ ಉಳಿಸಿಕೊಳ್ಳಬೇಕಾದ್ದು ಉಪ್ಪು ಕಮ್ಮಿ ಮಾಡುವುದೊಂದೇ. ಹೊಟ್ಟೆಗೆ ನೀರು ತುಂಬಿದವರಿಗೆ ಉಪ್ಪಿನಕಾಯಿ, ಹಪ್ಪಳ ದೂರ.

ಮೈಕೈ ನೋವಿಗೆ ಡೈಕ್ಲೋಫೆನಾಕ್ ಸೂಜಿ ಇವರ ಕಿಡ್ನಿಗೆ ದೊಡ್ಡ ಅಪಾಯ. ಎಲ್ಲರೂ ಹೆದರುವ ಪ್ಯಾರಾಸಿಟಮಾಲೇ, ವೈದ್ಯರು ಹೇಳಿದ ಹಾಗೆ ದಿನಕ್ಕೆ 2 ಗ್ರಾಂ ಮೀರದಂತೆ ತೆಗೆದುಕೊಂಡರೆ, ಇವರಿಗೆ ಎಷ್ಟೋ ವಾಸಿ. ನಾಟಿ ಔಷಧಿಗಳ ವಿಷಯಕ್ಕೆ ಬಂದರೆ, ಗಿಡಮೂಲಿಕೆ ಅಂದ ಮಾತ್ರಕ್ಕೆ ಲಿವರಿಗೆ ಸಲೀಸು ಅಂತ ಅಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಲಿವರಿಗೆ ಪೆಟ್ಟಾದವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಈಗಾಗಲೇ ಲಿವರ್ ಕೆಟ್ಟವರು ಆ ಜಗಳದ ಮಧ್ಯೆ ಹೋಗದಿದ್ದರೆ ಒಳ್ಳೆಯದು. ಅಂಗಡಿಯ ಲಿವರ್ ಟಾನಿಕ್ಕಿನಿಂದ ಸಿರೋಸಿಸ್ ಕರಗುವುದಿಲ್ಲ. ಆ ದುಡ್ಡಿಗೆ ಮೊಟ್ಟೆ ತಿನ್ನಬಹುದು.

'ಕುಡೀತಾರಾ?'

ಲಿವರ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ. ತಪ್ಪೇನಲ್ಲ. ಕರ್ನಾಟಕದಲ್ಲಿ 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು, ಆದರೆ ಆ ಜಾಗಕ್ಕೆ 90 ಎಂಎಲ್‌ನ ಟೆಟ್ರಾ ಪ್ಯಾಕ್ ಬಂತು. ಶೇ. 42.8 ಪ್ರಮಾಣದ ಮದ್ಯದ ಒಂದು ಪ್ಯಾಕಿನಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ದಿನಕ್ಕೆ ಎರಡು ಅಂದರೆ 60 ಗ್ರಾಂ. ವರ್ಷಗಟ್ಟಲೆ ಇದು ನಡೆದರೆ ಲಿವರ್ ಗಟ್ಟಿಯಾಗಲು ಧಾರಾಳ ಸಾಕು.

ಆದರೆ ಆ ಪ್ರಶ್ನೆಗೆ 'ಹೌದು' ಅಂತ ಉತ್ತರ ಸಿಕ್ಕ ಕೂಡಲೇ ಹುಡುಕಾಟ ನಿಂತುಬಿಡುತ್ತದಲ್ಲ, ತೊಂದರೆ ಅಲ್ಲಿರುವುದು. ಕುಡಿಯದ, ಶುಗರ್ ಮತ್ತು ಬೊಜ್ಜು ಇರುವ ಹೆಂಗಸರಲ್ಲಿ ಫ್ಯಾಟಿ ಲಿವರ್ ಸದ್ದಿಲ್ಲದೆ ಸಿರೋಸಿಸ್ ಆಗುತ್ತದೆ. ಇನ್ನೊಂದು ಹೆಪಟೈಟಿಸ್ ಬಿ. ಹೆರಿಗೆ ವೇಳೆ ತಾಯಿಯಿಂದ ಮಗುವಿಗೆ ಈ ವೈರಸ್ ಬಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಜೀವನಪೂರ್ತಿ ಉಳಿದುಬಿಡುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ಹಾಗೆ ಉಳಿಯುವುದು ನೂರರಲ್ಲಿ ಐವರಿಗಿಂತ ಕಮ್ಮಿ. ಲಸಿಕೆ ದೇಶದ ಎಲ್ಲ ಮಕ್ಕಳಿಗೂ ಸಿಗುವಂತಾದದ್ದು 2011ರ ಹೊತ್ತಿಗೆ. ಅದಕ್ಕೂ ಮುಂಚೆ ಹುಟ್ಟಿದ ನಮ್ಮಲ್ಲಿ ಹೆಚ್ಚಿನವರಿಗೆ ಆ ರಕ್ಷಣೆ ಇಲ್ಲ. 2018ರ ಜುಲೈ 28ರಂದು ಕೇಂದ್ರ ಸರ್ಕಾರ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಅದರಡಿ ಪರೀಕ್ಷೆಯೂ ಔಷಧಿಯೂ ಉಚಿತ. ಹೆಪಟೈಟಿಸ್ ಸಿ ಆಗಿದ್ದರೆ ಹೆಚ್ಚಿನವರಿಗೆ 12 ವಾರದ ಮಾತ್ರೆಯಲ್ಲೇ ಗುಣ. ಬಿ ಆಗಿದ್ದರೆ ದಿನಕ್ಕೊಂದು ಮಾತ್ರೆ ವೈರಸ್ಸನ್ನು ಹದ್ದುಬಸ್ತಿನಲ್ಲಿಡುತ್ತದೆ.

ನಮ್ಮ ಹಮಾಲಿಯ ಹೊಟ್ಟೆ ನೀರಿನಲ್ಲಿ ನ್ಯೂಟ್ರೋಫಿಲ್ 900 ಬಂತು ಅಂತ ಇಟ್ಟುಕೊಳ್ಳಿ. ಆಂಟಿಬಯೋಟಿಕ್, ಹೇಗೋ ಹೊಂದಿಸಿದ ಅಲ್ಬುಮಿನ್, ಲ್ಯಾಕ್ಟುಲೋಸ್. ಮೂರನೇ ದಿನ ಹೆಂಡತಿಯ ಹೆಸರು ಹಿಡಿದು ಕರೆದರು. ವಾರದ ಮೇಲೆ ಡಿಸ್ಚಾರ್ಜ್ ಚೀಟಿ ತಯಾರಾಗುತ್ತಿದೆ. ಮೊದಲ ಸಾಲಿನಲ್ಲಿ ಡೆಂಗೆ ಇಲ್ಲ, 'ಸಿರೋಸಿಸ್' ಅಂತ ಇದೆ. ಎಂಡೋಸ್ಕೋಪಿಗೆ ಜಿಲ್ಲೆಗೆ ಹೋಗಬೇಕಾದ ತಾರೀಕು ಇದೆ. ಅಲ್ಲಿ ಸಿರೆ ಉಬ್ಬಿದ್ದು ಕಂಡರೆ, ಬಿಪಿ ತಡೆದುಕೊಳ್ಳುವ ಹಾಗಿದ್ದರೆ, ಕಾರ್ವೆಡಿಲೋಲ್ ಅನ್ನುವ ಅಗ್ಗದ ಮಾತ್ರೆಯೇ ಮುಂದಿನ ರಕ್ತ ವಾಂತಿಯನ್ನು ತಡೆಯಬಹುದು. ಕುಡಿತ ಬಿಡಿಸಲು ಮನೋವೈದ್ಯರ ಹೆಸರು ಬರೆದಿದೆ. ಇನ್ನೊಂದು ಸಾಲು ಬಾಕಿ ಇತ್ತು. ಹೆಪಟೈಟಿಸ್ ಬಿ ಪರೀಕ್ಷೆಯ ಫಲಿತಾಂಶ ಬಂತು: ಪಾಸಿಟಿವ್.

ಹೆಂಡತಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಾರೆ: 'ನಮ್ಮ ಭಾವನೂ ಹಿಂಗೇ ಹೊಟ್ಟೆ ಊದ್ಕೊಂಡು ಹೋದ್ರು. ಅವರು ಕುಡೀತಾನೇ ಇರ್ಲಿಲ್ಲ ಡಾಕ್ಟ್ರೇ.'

ಚೀಟಿಯ ಕೆಳಗೆ ಜಾಗ ಮಾಡಿಕೊಂಡು ಇನ್ನೊಂದಿಷ್ಟು ಬರೆಯಬೇಕಾಗುತ್ತದೆ. ಹೆಂಡತಿಗೆ, ಇಬ್ಬರು ಮಕ್ಕಳಿಗೆ, ಊರಲ್ಲಿರುವ ತಂಗಿಗೆ, ತೀರಿಕೊಂಡ ಅಣ್ಣನ ಮಕ್ಕಳಿಗೆ ಹೆಪಟೈಟಿಸ್ ಬಿ ಪರೀಕ್ಷೆ. ರಕ್ಷಣೆ ಇಲ್ಲದವರಿಗೆ ಮೂರು ಡೋಸ್ ಲಸಿಕೆ: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ.